ಕಲ್ಲಿನ ಮೇಲೆ ಲೋಕೇಶನ ಹೆಸರು

ಆಸ್ಪತ್ರೆಯಲ್ಲಿ ದುಡಿದವರ ಬಾಯಲ್ಲಿ ದೆವ್ವದ ಕಥೆಗಳಿಗೆ ಕೊರತೆಯಿರುವುದಿಲ್ಲ. ನಾನು ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ಹೆರಿಗೆ ವಾರ್ಡಿನ ಕಾರಿಡಾರಿನಲ್ಲಿ ಯಾರೋ ಓಡಾಡುತ್ತಾರೆ, ಖಾಲಿ ಮಂಚದಿಂದ ನರಳುವ ಸದ್ದು ಬರುತ್ತದೆ ಎಂದು ಜೊತೆಯ ಹುಡುಗಿಯರು ಹೇಳುತ್ತಿದ್ದರು. ನಾನು ಎದ್ದು ಹೋಗಿ ನೋಡಿ ಬಂದು, "ಕಿಟಕಿ ಕೊಂಡಿ ಸಡಿಲ ಆಗಿದೆ ಕಣ್ರೇ, ಅದಕ್ಕೆ ಎಲ್ಲಾ ಕೂಗಾಡ್ತಿದ್ದೀರಿ" ಎಂದು ನಗುತ್ತಿದ್ದೆ. ಎಷ್ಟೋ ಜನ ನನ್ನ ಕಣ್ಣೆದುರೇ ಉಸಿರು ಬಿಟ್ಟಿದ್ದಾರೆ. ಅವರಲ್ಲಿ ಒಬ್ಬರೂ ತಿರುಗಿ ಬಂದು ನನ್ನನ್ನು ಮಾತಾಡಿಸಲಿಲ್ಲ. ಸತ್ತ ಮೇಲೆ ಏನೂ ಇಲ್ಲ ಎಂದೇ ನಾನು ತಿಳಿದಿದ್ದೆ, ಕೇಳಿದವರಿಗೆಲ್ಲ ಹಾಗೆಯೇ ಹೇಳುತ್ತಿದ್ದೆ. ಈಗ ಬರೆಯುತ್ತಿರುವುದನ್ನು ಓದಿದರೆ ಆ ಹುಡುಗಿಯರು ನನ್ನನ್ನು ನೋಡಿ ನಗಬಹುದು. ನಗಲಿ. ನೀವೂ ನಂಬಬೇಕೆಂದು ನಾನು ಕೇಳುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ನನ್ನ ತವರು ಬೇಲೂರು. ಯಜಮಾನರಿಗೆ ರೈಲ್ವೆಯಲ್ಲಿ ಕೆಲಸವಿದ್ದುದರಿಂದ ಅರಸೀಕೆರೆಗೆ ಬಂದೆವು, ಇಲ್ಲೇ ಸೈಟು ಕೊಂಡು ಮನೆ ಕಟ್ಟಿದೆವು. ಮಹಡಿಯ ಮೇಲೊಂದು ಚಿಕ್ಕ ಮನೆಯಿದೆ, ಬಾಡಿಗೆಗೆ ಕೊಡುವುದು. ಸವಿತಾ ಅದಕ್ಕೆ ಬಾಡಿಗೆಗೆ ಬಂದವಳು. ಹಾರನಹಳ್ಳಿಯ ಹುಡುಗಿ, ಹಗರೆಗೆ ಕೊಟ್ಟಿದ್ದರು. ಗಂಡ ಲೋಕೇಶ ಮಿಲಿಟರಿಯಲ್ಲಿದ್ದ. ಸವಿತಾಳ ಹೊಲಿಗೆ ಬಹಳ ಚೆನ್ನ. ಹಳ್ಳಿಯಲ್ಲಿ ಕೂತರೆ ಅಷ್ಟು ಗಿರಾಕಿಗಳು ಸಿಗುವುದಿಲ್ಲವೆಂದು ಲೋಕೇಶನೇ ಮಷಿನ್ ಕೊಡಿಸಿ, ನಮ್ಮ ಮನೆ ಹುಡುಕಿ, ಸಾಮಾನು ಇಳಿಸಿ ಹೋಗಿದ್ದ. ರಜೆಗೆ ಬಂದಾಗ ಮಹಡಿಯಿಂದ ಅವನ ನಗು ಕೆಳಗಿನ ಅಡುಗೆಮನೆಗೆ ಕೇಳಿಸುತ್ತಿತ್ತು. ಒಂದು ರಜೆಯಲ್ಲಿ ನಮ್ಮ ನೀರಿನ ಮೋಟರ್ ಕೆಟ್ಟಿತ್ತು. ಯಾರನ್ನೂ ಕರೆಸಬೇಡಿ ಸಿಸ್ಟರ್ ಎಂದು ತಾನೇ ಬಿಚ್ಚಿ ಅರ್ಧ ದಿನ ಕೂತು ಸರಿಮಾಡಿದ. ಮೈಕೈಯೆಲ್ಲ ಗ್ರೀಸು. ಸವಿತಾ ಸೀಮೆಎಣ್ಣೆ ಬಟ್ಟೆಯಲ್ಲಿ ಅವನ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಆ ಸಲ ಹೋದವನನ್ನು ಉತ್ತರದ ಹಿಮದ ಗಡಿಗೆ ಹಾಕಿದರು. ಮೇಲೆ ಹತ್ತುವ ಮುಂಚೆ ಫೋನ್ ಮಾಡಿ, "ಅಲ್ಲಿ ಸಿಗ್ನಲ್ ಇರಲ್ಲ, ಕೆಳಗಿಳಿದ ತಕ್ಷಣ ಮಾಡ್ತೀನಿ" ಎಂದನಂತೆ. ಅದೇ ಕೊನೆಯ ಮಾತು. ಹಿಮ ಕುಸಿದು ಅವನಿದ್ದ ಠಾಣೆಯೇ ಮುಚ್ಚಿಹೋಯಿತು. ಜೊತೆಯವರ ದೇಹಗಳು ಸಿಕ್ಕವು. ಲೋಕೇಶನದು ಸಿಗಲಿಲ್ಲ. ಹುಡುಕಿದರು, ಹವಾಮಾನ ಕೆಟ್ಟಿತೆಂದು ನಿಲ್ಲಿಸಿದರು, ಮತ್ತೆ ಹುಡುಕಿದರು. ಆಮೇಲೆ ಹುಡುಕುವುದು ನಿಂತಿತು. ಕೆಲವು ವರ್ಷಗಳ ನಂತರ ಸರ್ಕಾರ ಅವನನ್ನು ಹುತಾತ್ಮ ಎಂದು ಒಪ್ಪಿಕೊಂಡಿತು.

ಸವಿತಾ ಒಪ್ಪಿಕೊಳ್ಳಲಿಲ್ಲ. ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಹಾಗೆಂದು ಅಳುತ್ತಾ ಕೂತವಳೂ ಅಲ್ಲ. ಬೆಳಗಿನಿಂದ ಸಂಜೆಯವರೆಗೆ ಮಷಿನ್ ತುಳಿಯುತ್ತಿದ್ದಳು. ಅವಳ ಹಳೆಯ ಫೋನಿನ ಗಾಜು ಒಡೆದಿತ್ತು, ಅಕ್ಷರಗಳೇ ಕಾಣುತ್ತಿರಲಿಲ್ಲ, ಆದರೂ ಆ ಫೋನನ್ನಾಗಲಿ ನಂಬರನ್ನಾಗಲಿ ಬದಲಾಯಿಸಲಿಲ್ಲ. ಕರೆಂಟ್ ಹೋಗಿ ಬಹಳ ಹೊತ್ತಾದರೆ ಕೆಳಗಿಳಿದು ಬಂದು, "ಅಕ್ಕ, ನಿಮ್ಮ ಯುಪಿಎಸ್‌ಗೆ ಒಂದು ಸ್ವಲ್ಪ ಹಾಕ್ತೀನಿ" ಎಂದು ಫೋನು ಚಾರ್ಜಿಗೆ ಹಾಕಿ, ಅದರ ಪಕ್ಕದಲ್ಲೇ ಕೂರುತ್ತಿದ್ದಳು. ನಾನು ಯಾವತ್ತೂ ಆ ಬಗ್ಗೆ ಮಾತೆತ್ತಲಿಲ್ಲ. ವಾರ್ಡಿನಲ್ಲಿ ಇದನ್ನು ಬಹಳ ಸಲ ನೋಡಿದ್ದೇನೆ. ಡಾಕ್ಟರು ಕೈಚೆಲ್ಲಿದ ಮೇಲೂ ಹೊರಗೆ ಬೆಂಚಿನ ಮೇಲೆ ಒಬ್ಬರು ಕೂತೇ ಇರುತ್ತಾರೆ. ಅವರಿಗೆ ಏನು ಹೇಳಿಯೂ ಪ್ರಯೋಜನವಿಲ್ಲ.

ನಮ್ಮ ಬಡಾವಣೆಯಲ್ಲಿ ಒಂದು ಪಾರ್ಕಿದೆ. ದೊಡ್ಡದೇನಲ್ಲ. ಸುತ್ತ ವಾಕಿಂಗಿಗೆ ದಾರಿ, ಕೆಲವು ಕಲ್ಲು ಬೆಂಚು, ಮಕ್ಕಳಿಗೆ ಜಾರುಬಂಡೆ, ಮೂಲೆಯಲ್ಲೊಂದು ಹೊಂಗೆಮರ. ಬಡಾವಣೆಯಲ್ಲಿ ನೆಲೆಸಿದ್ದ ಮಾಜಿ ಸೈನಿಕರು ಸೇರಿ ಅಲ್ಲೊಂದು ಸ್ಮಾರಕ ಕಟ್ಟಬೇಕೆಂದು ಹೊರಟರು. ಅವರಿಗೆಲ್ಲ ಮುಂದಾಳು ಸುಬೇದಾರ್ ತಿಮ್ಮೇಗೌಡರು. ಶುರುವಾದ ದಿನದಿಂದಲೇ ಜಗಳ. ತಮ್ಮ ಮನೆ ಬಾಗಿಲಿಗೆ ಎದುರಾಗಿ ಸತ್ತವರ ಹೆಸರು ಬೇಡವೆಂದು ಒಬ್ಬರು, ಮಕ್ಕಳು ಆಡುವ ಜಾಗ ಎಂದು ಇನ್ನೊಬ್ಬರು. ಸುಬೇದಾರರು ಯಾರಿಗೂ ಜೋರಾಗಿ ಮಾತಾಡದೆ ಮನೆಮನೆಗೆ ಹೋಗಿ ಒಪ್ಪಿಸಿದರು. ಹೊಂಗೆಮರದಿಂದ ದೂರ, ಬಯಲಾಗಿದ್ದ ಕಡೆ ಜಾಗ ಸಿಕ್ಕಿತು. ಹಳೇಬೀಡಿನ ಕಡೆಯಿಂದ ಕೆತ್ತನೆಯವರು ಬಂದರು. ಸಿಮೆಂಟಿನ ಕಟ್ಟೆ, ಅದರ ಮೇಲೆ ನಿಲ್ಲಿಸಿದ ಕರಿ ಗ್ರಾನೈಟ್ ಚಪ್ಪಡಿ, ಅದರಲ್ಲಿ ನಮ್ಮ ಸುತ್ತಮುತ್ತಲಿನ ಊರುಗಳ ಹುತಾತ್ಮರ ಹೆಸರುಗಳು. ಹಗರೆ ನಮ್ಮ ತಾಲ್ಲೂಕಲ್ಲ. ಆದರೂ ಲೋಕೇಶನ ಹೆಂಡತಿ ಇದೇ ಬಡಾವಣೆಯವಳು, ಅವನ ಹೆಸರೂ ಇರಬೇಕೆಂದು ಸುಬೇದಾರರ ಆಸೆ.

ಕೇಳಲು ಅವರೇ ಮಹಡಿ ಹತ್ತಿ ಬಂದರು. ಸವಿತಾ ಕೂರಿಸಿ, ಕಾಫಿ ಕೊಟ್ಟು, "ಬೇಡಿ ಸಾರ್. ಅವರು ಬಂದು ನೋಡಿದ್ರೆ ಬೇಜಾರ್ ಮಾಡ್ಕೋತಾರೆ" ಎಂದಳಂತೆ. ಸುಬೇದಾರರು ಕೆಳಗಿಳಿದು ಬಂದು ನಮ್ಮ ವರಾಂಡದಲ್ಲಿ ಕೂತರು. "ಆ ಹುಡುಗಿ ಹಂಗಂದ್ಮೇಲೆ ನಾನೇನು ಮಾತಾಡ್ಲಿ ಸಿಸ್ಟರ್" ಎಂದಷ್ಟೇ ಹೇಳಿ ಎದ್ದು ಹೋದರು.

ವಿಷಯ ಹೇಗೋ ಹಗರೆಗೆ ಮುಟ್ಟಿತು. ಒಂದು ಬೆಳಿಗ್ಗೆ ಸವಿತಾಳ ಅತ್ತೆ ಹೊನ್ನಮ್ಮ ಹಳೇಬೀಡಿನಲ್ಲಿ ಬಸ್ಸು ಬದಲಾಯಿಸಿಕೊಂಡು ಬಂದರು. ಆಗಲೇ ಅವರಿಗೆ ಹೃದಯದ ತೊಂದರೆ, ಕಾಲು ಊದಿಕೊಂಡಿತ್ತು. ಮಹಡಿ ಹತ್ತಲಾಗದೆ ನಮ್ಮ ಮನೆಯಲ್ಲೇ ಕೂತರು. ಸವಿತಾಳನ್ನು ಕೆಳಗೆ ಕರೆದೆ. ಅತ್ತೆ ಸೊಸೆಗೆ ಎಂದೂ ಜಗಳವಿದ್ದಿಲ್ಲ. ಒಬ್ಬರನ್ನೊಬ್ಬರು ಬಿಟ್ಟರೆ ಲೋಕೇಶನ ಮಾತು ಆಡಲು ಅವರಿಗೆ ಬೇರೆ ಯಾರಿದ್ದರು? ಆದರೆ ಒಬ್ಬಳಿಗೆ ಅವನು ಬದುಕಿರಬೇಕಿತ್ತು. ಇನ್ನೊಬ್ಬರಿಗೆ ಅವನು ಸತ್ತದ್ದನ್ನು ಅತ್ತು ಮುಗಿಸಬೇಕಿತ್ತು.

"ನೀನು ಕಾಯಬ್ಯಾಡ ಅಂತ ನಾನ್ಯಾವತ್ತಾರ ಅಂದಿದ್ದೀನಾ ಮಗ?" ಎಂದರು ಹೊನ್ನಮ್ಮ. "ನೀನು ಕಾಯಿ. ನನ್ಗೆ ಕಾಯಕ್ಕೆ ಟೈಮಿಲ್ಲ ಕಣವ್ವ. ಮಣ್ಣು ಮಾಡಕ್ಕೆ ಮೈ ಸಿಗ್ನಿಲ್ಲ. ಒಂದು ಹೂ ಮಡಗಕ್ಕೆ ಜಾಗ ಬ್ಯಾಡ್ವಾ ಹೆತ್ತೋಳಿಗೆ?"

ಸವಿತಾ ಅತ್ತೆಯ ಊದಿದ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೀವುತ್ತಾ ಕೂತಿದ್ದಳು. ಕೊನೆಗೆ ತಲೆ ಎತ್ತದೆ, "ಹಾಕಿಸ್ಲಿ ಬಿಡಿ ಅತ್ತೆ" ಎಂದಳು. ಹೊನ್ನಮ್ಮ ಅವಳ ತಲೆಯ ಮೇಲೆ ಕೈಯಿಟ್ಟು ಅತ್ತರು. ಅವಳು ಅಳಲಿಲ್ಲ.

ಉದ್ಘಾಟನೆಗೆ ದಿನ ಗೊತ್ತಾಯಿತು. ಬಿರುಬೇಸಗೆ. ಅದರ ಹಿಂದಿನ ದಿನ ಮಧ್ಯಾಹ್ನ ಊಟವಾದ ಮೇಲೆ ಸವಿತಾ ಕೆಳಗೆ ಬಂದಳು. "ಅಕ್ಕ, ನಾಳೆ ಎಲ್ಲರ ಮುಂದೆ ಮೊದಲ್ನೇ ಸಲ ನೋಡಕ್ಕೆ ನನಗೆ ಆಗಲ್ಲ. ಈಗ ಯಾರೂ ಇರಲ್ಲ. ನೀವು ಬರ್ತೀರಾ?" ಎಂದಳು. ಯಜಮಾನರು ಮಲಗಿದ್ದರು. ನಾನು ತಲೆಗೆ ಸೆರಗು ಹೊದ್ದುಕೊಂಡು ಹೊರಟೆ.

ಆ ಹೊತ್ತಿನ ಬಿಸಿಲನ್ನು ನಾನು ಸ್ಪಷ್ಟವಾಗಿ ಹೇಳಬೇಕು. ಏಕೆಂದರೆ ಮುಂದಿನದಕ್ಕೆಲ್ಲ ಅದೇ ಮುಖ್ಯ. ಬೇಲೂರಿನಲ್ಲಿ ಬೆಳೆದವರಿಗೆ ಬಿಸಿಲಿಗೆ ಕಾದ ಕಲ್ಲು ಎಂದರೆ ಏನೆಂದು ಬೇರೆ ಹೇಳಬೇಕಿಲ್ಲ. ದೇವಸ್ಥಾನದ ಅಂಗಳದ ಹಾಸುಗಲ್ಲಿನ ಮೇಲೆ ಮಧ್ಯಾಹ್ನ ಬರಿಗಾಲಲ್ಲಿ ಓಡಿ ಅಂಗಾಲು ಬೊಬ್ಬೆ ಎಬ್ಬಿಸಿಕೊಂಡವಳು ನಾನು. ಆವತ್ತಿನ ಬಿಸಿಲು ಅದಕ್ಕಿಂತ ಒಂದು ಕೈ ಮೇಲು. ರಸ್ತೆಯಲ್ಲಿ ನಾಯಿ ಕೂಡ ಇರಲಿಲ್ಲ. ಪಾರ್ಕಿನ ಗೇಟಿನ ಕಬ್ಬಿಣ ಮುಟ್ಟಲಾಗದೆ ಸೆರಗು ಹಿಡಿದು ತೆಗೆದೆ.

ಕಟ್ಟೆಯ ಸಿಮೆಂಟ್ ಆಗಲೇ ಒಣಗಿತ್ತು. ಚಪ್ಪಡಿಗೆ ಹೊದಿಸಿದ್ದ ಬಟ್ಟೆ ಗಾಳಿಗೆ ಕಳಚಿ ಹಿಂದೆ ಬಿದ್ದಿತ್ತು. ಹೀಗಾಗಿ ಕಲ್ಲು ಎಷ್ಟು ಹೊತ್ತಿನಿಂದಲೋ ನೇರ ಬಿಸಿಲಿನಲ್ಲಿ ಕಾಯುತ್ತಾ ನಿಂತಿತ್ತು. ಅದರ ಮುಂದೆ ಗಾಳಿಯೇ ನಡುಗುತ್ತಿತ್ತು. ಹೊಸದಾಗಿ ಬಂಗಾರದ ಬಣ್ಣ ತುಂಬಿದ ಅಕ್ಷರಗಳು. ಕೆಳಗಿನ ಸಾಲುಗಳಲ್ಲಿ ಒಂದು: ಸಿಪಾಯಿ ಲೋಕೇಶ, ಹಗರೆ.

ಸವಿತಾ ಸ್ವಲ್ಪ ಹೊತ್ತು ದೂರದಿಂದಲೇ ನೋಡಿದಳು. ಆಮೇಲೆ ಹತ್ತಿರ ಹೋಗಿ ಹೆಸರಿನ ಮೇಲೆ ಅಂಗೈ ಇಟ್ಟಳು.

"ಸುಡುತ್ತೆ ಕಣೇ, ತೆಗಿ" ಎಂದೆ ನಾನು. ಅವಳು ತೆಗೆಯಲಿಲ್ಲ. ಇನ್ನೊಂದು ಕೈಯನ್ನೂ ಇಟ್ಟಳು. ನನ್ನ ಕಡೆ ತಿರುಗಿದಳು. ಆ ಮುಖವನ್ನು ನಾನು ಬರೆಯಲಾರೆ.

"ಅಕ್ಕ, ತಣ್ಣಗಿದ್ದಾರೆ" ಎಂದಳು.

ಬಿಸಿಲಿಗೆ ತಲೆ ತಿರುಗಿದೆ ಅಂದುಕೊಂಡೆ. ಭುಜ ಹಿಡಿದು ಹಿಂದಕ್ಕೆಳೆಯಲು ಹೋದೆ. ಆಸರೆಗೆಂದು ಚಾಚಿದ ನನ್ನ ಎಡಗೈ ಚಪ್ಪಡಿಯ ಮೇಲ್ಭಾಗಕ್ಕೆ ತಗುಲಿತು, ಬಾಣಲೆ ಮುಟ್ಟಿದಂತಾಗಿ ಕೈ ಕಿತ್ತುಕೊಂಡೆ. ಹಾಗಾಗಿ ಕಲ್ಲು ಕಾದಿತ್ತೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಅವಳು ನನ್ನ ಬಲಗೈ ಹಿಡಿದು ಲೋಕೇಶನ ಹೆಸರಿನ ಮೇಲೆ ಇಟ್ಟಳು.

ತಣ್ಣಗಿತ್ತು. ನೆರಳಿನ ಕಲ್ಲು ತಂಪಾಗಿರುತ್ತದಲ್ಲ, ಆ ತಂಪಲ್ಲ. ಸತ್ತವರ ಮೈ ತಣ್ಣಗಾಗುವುದನ್ನು ನನ್ನ ಕೈ ಎಷ್ಟೋ ಸಲ ನೋಡಿದೆ, ಅದೂ ಅಲ್ಲ. ಅದಕ್ಕಿಂತ ಬಹಳ ಹೆಚ್ಚು. ಬೆರಳ ತುದಿಗಳಿಗೆ ಮೊದಲು ಚುಚ್ಚಿದಂತಾಯಿತು, ಆಮೇಲೆ ನೋವೇ ಇಲ್ಲವಾಯಿತು. ಕೈ ಎತ್ತಿದಾಗ ಚರ್ಮ ಕಲ್ಲಿಗೆ ಅಂಟಿಕೊಂಡಂತೆ ಬಂತು. ಹೆಸರಿನ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಅದೇ ಚಳಿ. ಮೇಲಿನ ಸಾಲಿನ ಹೆಸರು ಸುಡುತ್ತಿತ್ತು, ಕೆಳಗಿನ ಸಾಲೂ ಸುಡುತ್ತಿತ್ತು. ನಾನು ಎರಡನ್ನೂ ಮುಟ್ಟಿ ನೋಡಿದೆ. ಹೆದರಿಕೆಯಾಗುವಷ್ಟು ಬುದ್ಧಿ ಆಗ ನನಗಿರಲಿಲ್ಲ. ರೋಗಿಯನ್ನು ಪರೀಕ್ಷಿಸುವ ಹಾಗೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ಸವಿತಾ ಕಟ್ಟೆಯ ಮೇಲೆ ಮಂಡಿಯೂರಿದಳು. ಸೆರಗನ್ನು ಮಡಚಿ ಆ ಹೆಸರಿನ ಮೇಲಿಟ್ಟು ಉಜ್ಜತೊಡಗಿದಳು. ಚಳಿಯಲ್ಲಿ ನಡುಗುವ ಮಗುವಿನ ಕೈಕಾಲು ಉಜ್ಜುತ್ತೇವಲ್ಲ, ಹಾಗೆ. ಬಾಯಿ ಹತ್ತಿರ ತಂದು ಬಿಸಿ ಉಸಿರು ಬಿಟ್ಟಳು. ಮತ್ತೆ ಬರಿಗೈಯಿಂದ ಉಜ್ಜಿದಳು. "ಎಷ್ಟು ದಿನದಿಂದ ಹಿಂಗಿದ್ದೀರಿ? ಒಂದು ಮಾತು ಹೇಳ್ಬಾರ್ದಾ? ಎಷ್ಟು ದಿನದಿಂದ ಹಿಂಗಿದ್ದೀರಿ?" ಎಂದು ಅದನ್ನೇ ಹೇಳುತ್ತಿದ್ದಳು. ಸಿಟ್ಟಿನಲ್ಲಿ ಗಂಡನನ್ನು ಗದರುವ ದನಿ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

ಎಷ್ಟು ಹೊತ್ತು ಹಾಗೆ ಕಳೆಯಿತೋ ನನಗೆ ಗೊತ್ತಿಲ್ಲ. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದೆ. ಇದ್ದಕ್ಕಿದ್ದಂತೆ ಅವಳು "ಹಾ!" ಎಂದು ಕೈ ತೆಗೆದಳು. ಮುಟ್ಟಿ ನೋಡಿದೆ. ಎಲ್ಲ ಕಡೆಯ ಹಾಗೆ ಅಲ್ಲೂ ಸುಡುತ್ತಿತ್ತು.

"ಬೆಚ್ಚಗಾದ್ರು" ಎಂದಳು ಸವಿತಾ. ನಕ್ಕಳು ಕೂಡ.

ಮನೆಗೆ ಕರೆತಂದು ಅವಳ ಕೈ ನೋಡಿದೆ. ಬೆರಳುಗಳ ತುದಿ ಮೇಣದ ಹಾಗೆ ಬಿಳಿಚಿ ಗಟ್ಟಿಯಾಗಿತ್ತು. ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಸಂಜೆಗೆ ಅವು ನೀಲಿಗಟ್ಟಿ ಬೊಬ್ಬೆ ಎದ್ದವು. ಪರಿಚಯದ ಡಾಕ್ಟರಿಗೆ ತೋರಿಸಿದೆ. ಕಾದ ಕಲ್ಲು ಮುಟ್ಟಿದರೆ ಇನ್ನೇನಾಗುತ್ತದೆ ಎಂದು ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮು ಬರೆದುಕೊಟ್ಟರು. ಅದನ್ನೇ ಹಚ್ಚಿ ಬ್ಯಾಂಡೇಜ್ ಕಟ್ಟುತ್ತಿದ್ದಾಗ ಸುಬೇದಾರರು ಮರುದಿನದ ಕಾರ್ಯಕ್ರಮದ ವಿಷಯ ಹೇಳಲು ಬಂದರು. ಸವಿತಾಳ ಕೈ ಕಂಡವರೇ ಹತ್ತಿರ ಬಂದು, ಕನ್ನಡಕ ಹಾಕಿಕೊಂಡು ನೋಡಿದರು.

"ಐಸ್ ಫ್ಯಾಕ್ಟರಿಗೆ ಹೋಗಿತ್ತಾ ಈ ಹುಡುಗಿ?" ಎಂದು ಕೇಳಿದರು.

ಇಲ್ಲವೆಂದೆ. ಪಾರ್ಕಿನ ಕಲ್ಲು ಮುಟ್ಟಿದಳು ಎಂದೆ. ಅವರು ಹೊರಗೆ ವರಾಂಡಕ್ಕೆ ಹೋಗಿ ಕೂತು ಎಡಗಾಲಿನ ಬೂಟು, ಕಾಲುಚೀಲ ತೆಗೆದು ನನಗೆ ತೋರಿಸಿದರು. ಎರಡು ಬೆರಳು ಇರಲಿಲ್ಲ. "ನಾನೂ ಆ ಹಿಮದ ಕಡೆ ಇದ್ದೋನೇ ಸಿಸ್ಟರ್. ಕತ್ತರಿಸೋಕೆ ಮುಂಚೆ ನನ್ನ ಬೆರಳೂ ಥೇಟ್ ಹಂಗೇ ಇತ್ತು. ಅದು ಬಿಸಿಗೆ ಆಗಿರೋದಲ್ಲ." ನಡೆದದ್ದನ್ನು ಅವರಿಗೆ ಹೇಳಿದೆ. ಅವರು ನಗಲಿಲ್ಲ, ಪ್ರಶ್ನೆಯನ್ನೂ ಕೇಳಲಿಲ್ಲ. ಬೂಟು ಹಾಕಿಕೊಳ್ಳಲು ಬಹಳ ಹೊತ್ತು ಮಾಡಿದರು.

ಮರುದಿನ ಭಾಷಣಗಳಾದವು, ಮಕ್ಕಳು ಹಾಡಿದರು. ಹೊನ್ನಮ್ಮನನ್ನು ಆಟೋದಲ್ಲಿ ಕರೆತಂದು ಕುರ್ಚಿಯ ಮೇಲೆ ಕೂರಿಸಿದ್ದರು. ಅವರಿಗೆ ಓದಲು ಬಾರದು. "ಎಲ್ಲೈತವ್ವಾ ನನ್ ಮಗನ್ ಹೆಸ್ರು?" ಎಂದರು. ನಾನು ಅವರ ಬೆರಳು ಹಿಡಿದು ಅಕ್ಷರಗಳ ಮೇಲೆ ಆಡಿಸಿದೆ. ಏನೂ ಆಗಲಿಲ್ಲ. ಬೆಳಗಿನ ಬಿಸಿಲಿಗೆ ಹದವಾಗಿ ಕಾದ ಬರೀ ಕಲ್ಲು. ಅವರು ಮನೆಯಿಂದ ತಂದಿದ್ದ ಸೇವಂತಿಗೆ ಇಟ್ಟು, ಕಲ್ಲಿಗೆ ಕೆನ್ನೆಯಿಟ್ಟು ಅತ್ತು, "ಆಯ್ತು ನಡೀರಿ" ಎಂದರು. ಆ ವರ್ಷದ ಮಳೆ ಹಿಡಿಯುವ ಮುಂಚೆಯೇ ತೀರಿಕೊಂಡರು. ಅವರಿಗಾದರೂ ಅಷ್ಟು ನೆಮ್ಮದಿ ಸಿಕ್ಕಿತಲ್ಲ ಎಂದು ನಾನು ಹೇಳಿಕೊಳ್ಳುತ್ತೇನೆ.

ಸವಿತಾಳಿಗೆ ಸಿಗಲಿಲ್ಲ. ಸತ್ತದ್ದು ಖಚಿತವಾದರೆ ಮನಸ್ಸು ಹಗುರಾಗುತ್ತದೆ, ಅಳು ಬರುತ್ತದೆ, ಆಮೇಲೆ ಬದುಕು ಹೇಗೋ ಸಾಗುತ್ತದೆ ಎಂದು ನಾವೆಲ್ಲ ತಿಳಿದಿದ್ದೆವು. ಅವಳಿಗೆ ಖಚಿತವಾಯಿತು. ಫೋನು ಚಾರ್ಜಿಗೆ ಹಾಕುವುದನ್ನು ನಿಲ್ಲಿಸಿದಳು. ಕುಂಕುಮ ಇಡುವುದನ್ನು ತಾನೇ ಬಿಟ್ಟಳು, ಯಾರೂ ಹೇಳಲಿಲ್ಲ. ಆದರೆ ಅವಳು ನನಗೆ ಹೇಳಿದ್ದು ಇದು: "ಅವರು ಹೋಗಿದ್ದಾರೆ ಅಂತ ಗೊತ್ತಾಯ್ತು ಅಕ್ಕ. ಆದ್ರೆ ಹೋದ್ಮೇಲೂ ಚಳಿ ಬಿಟ್ಟಿಲ್ವಲ್ಲ ಅವರನ್ನ. ಸತ್ತೋರಿಗೆ ಏನೂ ಗೊತ್ತಾಗಲ್ಲ ಅಂತಿದ್ರಲ್ಲ ನೀವು?"

ಬೆರಳ ಗಾಯ ಮಾಯಿತು. ಸ್ಪರ್ಶ ಮರಳಿ ಬರಲಿಲ್ಲ. ಸೂಜಿ ಹಿಡಿದರೆ ಜಾರಿ ಬೀಳುತ್ತಿತ್ತು. ಮಷಿನ್ನಿನ ಸೂಜಿಗೆ ಬೆರಳು ಸಿಕ್ಕಿ ರಕ್ತ ಬಟ್ಟೆಗೆ ಅಂಟಿದಾಗಲೇ ಅವಳಿಗೆ ತಿಳಿಯುತ್ತಿದ್ದುದು. ಗಿರಾಕಿಗಳು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಸಂಜೆಯಾದರೆ ಒಂದು ಕಂಬಳಿ ತೆಗೆದುಕೊಂಡು ಪಾರ್ಕಿಗೆ ಹೋಗಿ ಕಲ್ಲಿಗೆ ಹೊದಿಸಿ ಬರುತ್ತಿದ್ದಳು. ಬೆಳಿಗ್ಗೆ ವಾಕಿಂಗಿನವರು ಅದನ್ನು ಕಿತ್ತು ಬೆಂಚಿನ ಮೇಲೆ ಎಸೆಯುತ್ತಿದ್ದರು. ಮೊದಮೊದಲು ಪಾಪ ಎಂದರು. ಆಮೇಲೆ ಸ್ಮಾರಕಕ್ಕೆ ಅವಮಾನ ಎಂದರು, ಮಕ್ಕಳು ಹೆದರಿಕೊಳ್ಳುತ್ತಾರೆ ಎಂದರು. ಸುಬೇದಾರರು ಒಬ್ಬರೇ ಅವಳ ಪರ. ಯಾರೂ ಏಳುವ ಮುಂಚೆ ತಾವೇ ಹೋಗಿ ಕಂಬಳಿ ಮಡಚಿ ತಂದು ನಮ್ಮ ಗೇಟಿನ ಮೇಲೆ ಹಾಕುತ್ತಿದ್ದರು. ಆಮೇಲೆ ಅವರು ಹಾಸಿಗೆ ಹಿಡಿದರು. ಕಂಬಳಿ ಒಂದು ದಿನ ಕಾಣೆಯಾಯಿತು. ಅವಳು ಇನ್ನೊಂದು ತಂದಳು. ಅದೂ ಹೋಯಿತು. ಆಮೇಲೆ ಅವಳ ಅಣ್ಣ ಬಂದು ಮಷಿನ್ನನ್ನು ಟೆಂಪೋಗೆ ಏರಿಸಿ ಅವಳನ್ನು ಹಾರನಹಳ್ಳಿಗೆ ಕರೆದುಕೊಂಡು ಹೋದ.

ಇದಕ್ಕೆ ಕಾರಣ ಹುಡುಕದೆ ನಾನು ಸುಮ್ಮನೆ ಕೂತಿಲ್ಲ. ಕೆತ್ತುವವರು ಆ ಜಾಗಕ್ಕೆ ಏನಾದರೂ ರಾಸಾಯನಿಕ ಹಚ್ಚಿದ್ದರೇ ಎಂದು ವಿಚಾರಿಸಿದೆ. ಎಲ್ಲ ಹೆಸರಿಗೂ ಹಚ್ಚಿದ್ದು ಒಂದೇ ಬಣ್ಣ. ವಿಪರೀತ ಬಿಸಿಯೂ ಒಂದು ಗಳಿಗೆ ತಣ್ಣಗೆ ಎನಿಸುವುದುಂಟು, ನರಗಳು ಮೋಸ ಮಾಡುತ್ತವೆ ಎಂದು ಒಬ್ಬ ಡಾಕ್ಟರು ಹೇಳಿದರು. ಇರಬಹುದು. ಆದರೆ ಮೇಲಿನ ಸಾಲು ಏಕೆ ಮೋಸ ಮಾಡಲಿಲ್ಲ? ಸವಿತಾ ಹೇಳಿದಳೆಂದು ನನಗೂ ಹಾಗೆ ಅನ್ನಿಸಿತು ಎಂದು ನನ್ನ ಯಜಮಾನರ ವಾದ. ನನ್ನ ಬಲಗೈಯ ಎರಡು ಬೆರಳ ಚರ್ಮ ಸುಲಿದು ಹೊಸದು ಬಂದಿತ್ತು, ಅದನ್ನು ಅವರಿಗೆ ತೋರಿಸಿದೆ. ಅವರು ಪೇಪರು ಎತ್ತಿಕೊಂಡರು. ಆಮೇಲಿನ ಬೇಸಗೆಗಳಲ್ಲಿ ಅದೇ ಹೊತ್ತಿಗೆ ಹೋಗಿ ಎಷ್ಟೋ ಸಲ ಆ ಹೆಸರನ್ನು ಮುಟ್ಟಿದ್ದೇನೆ. ಸುಡುತ್ತದೆ, ಅಷ್ಟೆ. ಈಗೀಗ ಬಂಗಾರದ ಬಣ್ಣ ಉದುರಿ ಕೆಲವು ಅಕ್ಷರಗಳು ಕಾಣುವುದೇ ಇಲ್ಲ.

ಕಳೆದ ಚಳಿಗಾಲದಲ್ಲಿ ಹಾರನಹಳ್ಳಿಗೆ ಹೋಗಿದ್ದೆ. ಅಣ್ಣನ ಮನೆ ಮುಂದೆ ತೆಂಗಿನಕಾಯಿ ರಾಶಿ, ಅದರ ಪಕ್ಕ ಜಗಲಿಯ ಬಿಸಿಲಿನಲ್ಲಿ ಸವಿತಾ ಕೂತಿದ್ದಳು. ತೆಳ್ಳಗಾಗಿದ್ದಳು. ಕೂದಲು ನರೆತಿತ್ತು. ಅತ್ತಿಗೆ ಕಾಫಿ ತಂದುಕೊಟ್ಟು, "ಆರಿದೆ ಕುಡಿ" ಎಂದು ಅವಳಿಗೆ, "ಲೋಟ ಬಿಸಿ ಇದ್ರೂ ಇವಳಿಗೆ ಗೊತ್ತಾಗಲ್ಲ ನೋಡಿ" ಎಂದು ನನಗೆ ಹೇಳಿ ಒಳಗೆ ಹೋದಳು. ನಾವು ಅದೂ ಇದೂ ಮಾತಾಡಿದೆವು. ಸುಬೇದಾರರು ಹೋದದ್ದನ್ನು ಹೇಳಿದೆ. ತಲೆಯಾಡಿಸಿದಳು. ನಾನು ಹೊರಡಲು ಎದ್ದಾಗ ನನ್ನ ಸೆರಗು ಹಿಡಿದಳು.

"ಅಕ್ಕ, ಅವತ್ತು ಕಲ್ಲು ಬಿಸಿ ಆಯ್ತಲ್ಲ, ನಾನು ಉಜ್ಜಿ ಉಜ್ಜಿ ಅವರಿಗೆ ಬೆಚ್ಚಗಾಯ್ತು ಅಂದ್ಕೊಂಡೆ. ಖುಷಿಪಟ್ಟೆ. ಈಗ ಅನ್ಸುತ್ತೆ, ಅದು ಅವರು ಹೊರಟು ಹೋಗಿದ್ದು. ಇನ್ನೂ ಚಳೀಲೇ ಇದ್ರು, ನನ್ನ ಕೈ ಸಾಕಾಗ್ಲಿಲ್ಲ, ವಾಪಸ್ ಅಲ್ಲಿಗೇ ಹೋದ್ರು. ಹಂಗಾ ಅಕ್ಕ? ನೀವೂ ಮುಟ್ಟಿದ್ರಲ್ಲ, ನಿಮಗೆ ಏನನ್ನಿಸ್ತು?"

ಸಾಯುತ್ತಿರುವವರ ಮನೆಯವರಿಗೆ ಸುಳ್ಳು ಹೇಳಿ ಅಭ್ಯಾಸವಿರುವವಳು ನಾನು. ಒಂದು ಸುಳ್ಳು ಹೇಳಬಹುದಿತ್ತು, ಬಾಯಿಗೆ ಬರಲಿಲ್ಲ. ಅವಳು ನನ್ನ ಮುಖ ನೋಡುತ್ತಲೇ ಇದ್ದಳು. ರಸ್ತೆಯಲ್ಲಿ ಅರಸೀಕೆರೆಯ ಬಸ್ಸು ಬಂದು ನಿಂತು ಹಾರನ್ ಮಾಡಿತು. ಅವಳೇ ನನ್ನ ಸೆರಗು ಬಿಟ್ಟು, "ಹೋಗಿ ಅಕ್ಕ, ಇದು ಬಿಟ್ರೆ ಇನ್ನೊಂದು ಬಹಳ ಲೇಟು" ಎಂದಳು.

ಹತ್ತಿ ಕೂತೆ. ಅವಳು ಕೇಳಿದ್ದಕ್ಕೆ, ಇದನ್ನು ಬರೆಯುತ್ತಾ ಬಂದರೆ ಏನಾದರೂ ಹೊಳೆಯಬಹುದು ಎಂದುಕೊಂಡಿದ್ದೆ. ಹೊಳೆಯಲಿಲ್ಲ.